ತ್ಯಾಗ ಒಬ್ಬಳದು, ಗಳಿಕೆ ಉಳಿದವರದು

ಮದುವೆಯಾದ ವರ್ಷವೇ ತೊಟ್ಟಿಲು ತೂಗುವವರನ್ನು ಈ ದೇಶದ ಯಾವ ಅಧಿಕಾರಿಯೂ ವಯಸ್ಸೆಷ್ಟು, ಕಾಗದಪತ್ರ ಎಲ್ಲಿ ಎಂದು ತಡೆದು ಕೇಳುವುದಿಲ್ಲ. ಗರ್ಭಕೋಶ ಕೈಕೊಟ್ಟವರ ಪಾಡು ಬೇರೆ. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆಯಂತೆ, ತಮ್ಮ ಮಗುವನ್ನು ಇನ್ನೊಬ್ಬಳು ಹೊತ್ತು ಹೆತ್ತುಕೊಡಲಿ ಎನ್ನುವ ದಂಪತಿಯಲ್ಲಿ ಪತ್ನಿ 23ರಿಂದ 50, ಪತಿ 26ರಿಂದ 55 ವರ್ಷದೊಳಗಿರಬೇಕು. ಜಿಲ್ಲಾ ವೈದ್ಯಕೀಯ ಮಂಡಳಿ ಅವರ ಕೊರತೆಗೆ ಮೊಹರು ಹಾಕಬೇಕು. ಇನ್ನೂ ಮೂಡದ ಮಗುವಿನ ತಂದೆತಾಯಿ ಯಾರೆಂದು ಮ್ಯಾಜಿಸ್ಟ್ರೇಟರು ಆದೇಶ ಬರೆಯಬೇಕು. ಇಷ್ಟಾದ ಮೇಲೂ ಅರ್ಹತಾ ಪತ್ರವೆಂಬುದೊಂದು ಬೇರೆಯೇ ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದ ಹಿರಿಯರು ಪಾಪ, ಒಬ್ಬನೇ ಪೂಜಾರಿಯನ್ನು ಕಂಡಿದ್ದರು.

ಅವಿವಾಹಿತೆಯ ವಿಷಯದಲ್ಲಂತೂ ಕಾನೂನಿನ ತರ್ಕಕ್ಕೆ ಕೈಮುಗಿಯಬೇಕು. ಅದೇ ವರ್ಷ ಬಂದ ಇನ್ನೊಂದು ಕಾಯ್ದೆ, ಆಕೆ ದಾನಿಯ ವೀರ್ಯ ಪಡೆದು ದೇಹದ ಹೊರಗೆ ಭ್ರೂಣ ಮೂಡಿಸುವ ಐವಿಎಫ್ ಮೂಲಕ ತಾನೇ ಹೆರುವುದಾದರೆ ಒಪ್ಪುತ್ತದೆ. ಕಾಯಿಲೆಯಿಂದ ಗರ್ಭಕೋಶ ತೆಗೆಸಿಕೊಂಡವಳು ತನ್ನ ಮಗುವನ್ನು ಇನ್ನೊಬ್ಬಳು ಹೊರಲಿ ಎಂದರೆ ಮಾತ್ರ ಬಾಡಿಗೆ ತಾಯ್ತನ ಕಾಯ್ದೆಯ ಬಾಗಿಲು ಮುಚ್ಚುತ್ತದೆ. ಆದರೆ 35ರಿಂದ 45ರೊಳಗಿನ ವಿಧವೆಗೂ ವಿಚ್ಛೇದಿತೆಗೂ ಅದು ತೆರೆದಿರುವುದರಿಂದ, ಆಕೆ ಯಾರನ್ನಾದರೂ ಒಪ್ಪಿಸಿ ಮದುವೆಯಾಗಿ, ಕುಟುಂಬ ನ್ಯಾಯಾಲಯದಲ್ಲಿ ಬಿಡಿಸಿಕೊಂಡು, 45 ದಾಟುವುದರೊಳಗೆ ಅರ್ಜಿ ಹಿಡಿದು ಬಂದರೆ ಸರ್ಕಾರದ ಅಭ್ಯಂತರವಿಲ್ಲ. ವಿವಾಹ ಸಂಸ್ಥೆಯನ್ನು ಕಾಪಾಡುವುದೆಂದರೆ ಹೀಗೆ.

ಹೊರದೇಶಗಳನ್ನು ನೋಡಿ ಸಮಾಧಾನಪಡೋಣವೆಂದರೆ ಅಲ್ಲಿಯೂ ದೊಡ್ಡ ಭರವಸೆಯಿಲ್ಲ. ಜರ್ಮನಿಯಲ್ಲಿ ವೀರ್ಯದಾನ ಸಮ್ಮತ, ಅಂಡಾಣು ದಾನ ನಿಷಿದ್ಧ. ಜನನ ಪ್ರಮಾಣ ಕುಸಿಯಿತೆಂದು ಕಂಗೆಟ್ಟಿರುವ ಚೀನಾದಲ್ಲಿ ಒಂಟಿ ಹೆಣ್ಣು ತನ್ನ ಅಂಡಾಣುವನ್ನು ಶೈತ್ಯದಲ್ಲಿ ಕಾಪಿಡುವಂತಿಲ್ಲ. ಅದೇ ಚಿಂತೆಯಲ್ಲಿರುವ ಇಟಲಿ, 2024ರಲ್ಲಿ ತನ್ನ ಪ್ರಜೆಗಳು ಬಾಡಿಗೆ ತಾಯ್ತನವನ್ನು ಜಗತ್ತಿನ ಯಾವ ಮೂಲೆಯಲ್ಲಿ ಮಾಡಿಸಿಕೊಂಡರೂ ಅಪರಾಧವೆಂದು ಸಾರಿ, 10 ಲಕ್ಷ ಯೂರೋವರೆಗಿನ ದಂಡವನ್ನು ನಿಗದಿಪಡಿಸಿತು. ಮಕ್ಕಳು ಬೇಕು, ಆದರೆ ಇಂಥವರಿಗೆ ಬೇಡ ಎಂಬುದನ್ನು ಇಷ್ಟು ದುಬಾರಿಯಾಗಿ ಹೇಳಿದವರು ವಿರಳ.

ನಮ್ಮ ಕಾಯ್ದೆಯ ಕಿರೀಟವೆಂದರೆ ಪರೋಪಕಾರ. ಗರ್ಭ ಹೊರುವವಳು ಮದುವೆಯಾದವಳಾಗಿರಬೇಕು, ಸ್ವಂತ ಮಗುವಿರಬೇಕು, ವಯಸ್ಸು 25ರಿಂದ 35ರೊಳಗಿರಬೇಕು, ಜೀವಮಾನದಲ್ಲಿ ಒಮ್ಮೆ ಮಾತ್ರ ಹೊರಬೇಕು. ವೈದ್ಯಕೀಯ ವೆಚ್ಚ, ವಿಮೆ ಮುಂತಾದ ನಿಗದಿತ ಖರ್ಚುಗಳನ್ನು ಬಿಟ್ಟರೆ ಸಂಭಾವನೆಯೆಂದು ಬಿಡಿಗಾಸನ್ನೂ ಪಡೆಯಬಾರದು. ಭ್ರೂಣ ಸೇರಿಸುವ ವೈದ್ಯರು, ಸ್ಕ್ಯಾನಿಂಗ್ ಮಾಡುವವರು, ಚುಚ್ಚುಮದ್ದಿನ ಕಂಪನಿ, ಅಫಿಡವಿಟ್ಟು ಬರೆಯುವ ವಕೀಲರು, ಕಂತು ಕಟ್ಟಿಸಿಕೊಳ್ಳುವ ವಿಮೆಯವರು ಇವರಾರಿಗೂ ಈ ವ್ರತವಿಲ್ಲ. ಒಂಬತ್ತು ತಿಂಗಳು ವಾಂತಿ ಮಾಡಿ, ಕಾಲು ಊದಿಸಿಕೊಂಡು, ಕೊನೆಗೆ ಹೊಟ್ಟೆ ಕೊಯ್ಯಿಸಿಕೊಳ್ಳುವ ಒಬ್ಬಳಿಂದ ಮಾತ್ರ ಶುದ್ಧ ಪ್ರೇಮವನ್ನು ನಿರೀಕ್ಷಿಸಲಾಗಿದೆ. ಹಣ ಕೊಟ್ಟರೆ ಬಡ ಹೆಂಗಸಿನ ಶೋಷಣೆಯಾದೀತೆಂದು ಹೆದರಿದ ಶಾಸನಕರ್ತರು, ಪುಕ್ಕಟೆ ದುಡಿಸಿ ಆಕೆಯನ್ನು ರಕ್ಷಿಸಿದ್ದಾರೆ. ಆಕೆಯ ಆರೋಗ್ಯ ಕೆಟ್ಟರೆ, ಜೀವವೇ ಹೋದರೆ, 36 ತಿಂಗಳ ವಿಮೆ ನೆರವಾಗುತ್ತದೆ. ಗಟ್ಟಿಮುಟ್ಟಾಗಿ ಹೆತ್ತುಕೊಟ್ಟು ಮತ್ತೆ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟರೆ ಬರಿಗೈ. ಮನಸ್ಸು ತಾಳದೆ, “ನೀನು ಪಟ್ಟ ಶ್ರಮಕ್ಕೆ ಇದಿರಲಿ ತಂಗೀ” ಎಂದು ಲಕೋಟೆಯೊಂದನ್ನು ಆಕೆಯ ಕೈಗಿಟ್ಟ ದಂಪತಿ, ಮಗುವಿನ ನಾಮಕರಣಕ್ಕೆ ಮುಂಚೆ ಜಾಮೀನಿಗೆ ವಕೀಲರನ್ನು ಹುಡುಕಿಕೊಳ್ಳುವುದು ಲೇಸು. ಅವರ ಶುಲ್ಕಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ.