ಕಾಣದ ಅಕ್ಷರದ ಕಿತಾಪತಿ

ಕಂಪ್ಯೂಟರಿಗೆ ಬರೆದ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ತಪ್ಪು ಮಾಡಿದರೆ ಸಿಟ್ಟು ಬರುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿ, ಕೊನೆಗೆ ಫಲಿತಾಂಶವನ್ನು ಒಂದೇ ಉಸಿರಿಗೆ ಒದರಿಬಿಟ್ಟರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಲೆಕ್ಕ ಸರಿ, ಹೆಸರು ಸರಿ, ದಿನಾಂಕವೂ ಸರಿ. ಆದರೆ ‘ಬಾಕಿ 40’ ಎಂಬ ಸಾಲಿಗೆ ‘2 ಫೈಲ್ ಅಳಿಸಲಾಗಿದೆ’ ಎಂಬ ಮುಂದಿನ ಸಾಲು ಬಂದು ಅಂಟಿಕೊಂಡು, ‘ಬಾಕಿ 402 ಫೈಲ್ ಅಳಿಸಲಾಗಿದೆ’ ಎಂದು ಓದುವವರ ಎದೆ ಒಡೆಸುತ್ತದೆ.

ಸಾಲಿನ ಕೊನೆಯನ್ನು ನಾವು ಬರೀ ಖಾಲಿ ಜಾಗ ಅಂದುಕೊಂಡಿರುತ್ತೇವೆ. ಕಂಪ್ಯೂಟರಿಗೆ ಅದೂ ಒಂದು ಅಕ್ಷರವೇ. ಅಕ್ಷರಗಳಿಗೆ ನಂಬರು ಕೊಡುವ ಆಸ್ಕಿ ಪಟ್ಟಿಯಲ್ಲಿ ಲೈನ್ ಫೀಡ್ ಎಂಬ ಹೆಸರಿನಲ್ಲಿ 10ನೇ ನಂಬರು ಹಿಡಿದು ಕೂತಿದೆ. ಅದರ ಜೊತೆಗಾರ ಕ್ಯಾರೇಜ್ ರಿಟರ್ನ್ 13ನೆಯದು. ಇವೆರಡೂ ತಂತಿಯಲ್ಲಿ ಬಂದ ಅಕ್ಷರಗಳನ್ನು ಕಾಗದದ ಮೇಲೆ ಹೊಡೆಯುವ ಟೆಲಿಪ್ರಿಂಟರಿಗೆ ಕೊಡುತ್ತಿದ್ದ ಹುಕುಂಗಳು. ರಿಟರ್ನ್ ಹುಕುಮಿಗೆ ಅಚ್ಚಿನ ತಲೆ ಎಡ ಅಂಚಿಗೆ ಓಡಬೇಕು, ಫೀಡ್ ಹುಕುಮಿಗೆ ಕಾಗದ ಒಂದು ಸಾಲು ಮೇಲೆ ಸರಿಯಬೇಕು. 1963ರ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತಿತ್ತು. ಬಲತುದಿಯಿಂದ ವಾಪಸು ಬರಲು ಅದರ ತಲೆಗೆ ಒಂದು ಅಕ್ಷರದಷ್ಟು ಹೊತ್ತು ಸಾಲುತ್ತಿರಲಿಲ್ಲ. ಅದಕ್ಕೇ ಮೊದಲು ರಿಟರ್ನ್ ಕಳಿಸಿ, ತಲೆ ಇನ್ನೂ ಓಡುತ್ತಿರುವಾಗಲೇ ಫೀಡ್ ಕಳಿಸುವುದು. ಆ ಯಂತ್ರ ಮೂಲೆ ಸೇರಿ ಎಷ್ಟೋ ಕಾಲವಾಯಿತು, ಹುಕುಂ ಮಾತ್ರ ಇನ್ನೂ ಚಾಲ್ತಿಯಲ್ಲಿದೆ.

ಚಾಲ್ತಿಯಲ್ಲಿದೆ ನಿಜ, ಒಬ್ಬೊಬ್ಬರದು ಒಂದೊಂದು ರೀತಿ. ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಯುನಿಕ್ಸ್ ಬರೀ 10 ಸಾಕೆಂದಿತು, ವಿಂಡೋಸ್ ಎರಡನ್ನೂ ಇಟ್ಟುಕೊಂಡಿತು, ಹಳೆಯ ಮ್ಯಾಕ್ 13 ಒಂದನ್ನೇ ಹಿಡಿದಿತ್ತು. ಯುನಿಕ್ಸ್ ಕಡೆಯಿಂದ ಬಂದ ಫೈಲನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ತೆರೆದರೆ ಇಡೀ ಬರಹ ಒಂದೇ ಸಾಲಾಗಿ ಕಾಣುತ್ತಿತ್ತು. ಆ ಹಟವನ್ನು ನೋಟ್‌ಪ್ಯಾಡ್ ಬಿಟ್ಟದ್ದು 2018ರಲ್ಲಿ!

ಸಾಲುಗಳು ಅಂಟಿಕೊಳ್ಳುವ ಇಂಥ ಪ್ರಕರಣಗಳಲ್ಲಿ ಬಹಳ ಸಲ ಹೊಸ ಸಾಲಿನ ಅಕ್ಷರ ಎಲ್ಲೂ ಕಳೆದಿರುವುದಿಲ್ಲ. ಇದ್ದಲ್ಲೇ ಇರುತ್ತದೆ, ತೋರಿಸಬೇಕಾದವರು ತೋರಿಸುತ್ತಿರುವುದಿಲ್ಲ, ಅಷ್ಟೇ. ಬ್ರೌಸರ್ ಇದರಲ್ಲಿ ಪಳಗಿದ ಕೈ. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನ ಮಾಮೂಲು ಪಠ್ಯದಲ್ಲಿ ಸ್ಪೇಸ್, ಟ್ಯಾಬ್, ಹೊಸ ಸಾಲು ಎಷ್ಟೇ ಬರಲಿ, ಎಲ್ಲ ಸೇರಿ ಒಂದು ಸ್ಪೇಸ್. ಕಮಾಂಡ್ ಕೊಡುವ ಟರ್ಮಿನಲ್‌ನಲ್ಲಿ ಶಿಸ್ತಾಗಿ ನಿಂತಿದ್ದ ಪಟ್ಟಿ ಪುಟಕ್ಕೆ ಬರುತ್ತಲೇ ಮುದ್ದೆಯಾಗುತ್ತದೆ. ಪುಟದ ಮೂಲ ಬರಹ ತೋರಿಸುವ ‘ವ್ಯೂ ಸೋರ್ಸ್’ ಒತ್ತಿ ನೋಡಿದರೆ ಸಾಲುಗಳು ಅಲ್ಲಿ ಹಾಯಾಗಿ ಕೂತಿರುತ್ತವೆ. ಆಗ ಸಾಲುಗಳನ್ನು ಇದ್ದಂತೆಯೇ ತೋರಿಸು ಎನ್ನುವ ಪ್ರೀ ಟ್ಯಾಗ್ ಸುತ್ತಿದರೆ ಸಾಕು. ವೆಬ್ ಪುಟ ತಯಾರಿಸುವ ಪಿಎಚ್‌ಪಿ ಭಾಷೆಯವರಿಗೆ, ಪ್ರತಿ ಹೊಸ ಸಾಲಿಗೂ ಸಾಲು ಮುರಿಯುವ ಬಿಆರ್ ಟ್ಯಾಗ್ ಸೇರಿಸಿ ಕೊಡುವ ಎನ್‌ಎಲ್‌ಟುಬಿಆರ್ ಎಂಬ ಫಂಕ್ಷನ್ನೇ ಇದೆ.

ಆದರೆ ಜನಕ್ಕೆ ಅಷ್ಟು ತಾಳ್ಮೆ ಎಲ್ಲಿದೆ? ಕಂಡಕಂಡಲ್ಲಿ ಬಿಆರ್ ಟ್ಯಾಗ್ ತುರುಕುತ್ತಾರೆ. ಪುಟ ಚೆನ್ನಾಗಿ ಕಾಣುತ್ತದೆ, ಸಂತೋಷ. ಅದೇ ಔಟ್‌ಪುಟ್ ನಾಳೆ ಸಾದಾ ಈಮೇಲಿಗೆ ಹೋದಾಗ ಪ್ರತಿ ಸಾಲಿನ ಬಾಲದಲ್ಲೂ ಬಿಆರ್ ಜೋತಾಡುತ್ತದೆ. ಅದನ್ನು ಅಳಿಸಲು ಮತ್ತೊಂದು ಸ್ಕ್ರಿಪ್ಟ್. ಯಾರೂ ಓದದ ಲಾಗ್ ಫೈಲಿನಲ್ಲೂ ಬಿಆರ್ ಕಂಡರೆ, ಈ ಕೋಡನ್ನು ಎಷ್ಟು ಜನ ಅವಸರದಲ್ಲಿ ರಿಪೇರಿ ಮಾಡಿರಬಹುದೆಂದು ಊಹಿಸಿಕೊಳ್ಳಬಹುದು.

ಅಕ್ಷರ ನಿಜವಾಗಿಯೂ ಹುಟ್ಟದೇ ಇರುವ ಸಂದರ್ಭಗಳೂ ಇವೆ. ಪೈಥಾನ್ ಭಾಷೆಯ ‘ಪ್ರಿಂಟ್’ ತಾನಾಗಿ ಹೊಸ ಸಾಲು ಸೇರಿಸುತ್ತದೆ, ಫೈಲಿಗೆ ಬರೆಯುವ ‘ರೈಟ್’ ಸೇರಿಸುವುದಿಲ್ಲ. ಪಿಎಚ್‌ಪಿಯಲ್ಲಿ ಡಬಲ್ ಕೋಟ್ ಒಳಗಿನ ಬ್ಯಾಕ್‌ಸ್ಲ್ಯಾಶ್ ಎನ್ ಹೊಸ ಸಾಲಾದರೆ, ಸಿಂಗಲ್ ಕೋಟ್ ಒಳಗೆ ಅದು ಬರೀ ಬ್ಯಾಕ್‌ಸ್ಲ್ಯಾಶ್ ಮತ್ತು ಬರೀ ಎನ್. ಸಾಲದ್ದಕ್ಕೆ, ಕೋಡ್ ಮುಗಿಸುವ ಟ್ಯಾಗಿನ ಬೆನ್ನಿಗೇ ಬರುವ ಒಂದು ಹೊಸ ಸಾಲನ್ನು ಪಿಎಚ್‌ಪಿ ಸದ್ದಿಲ್ಲದೆ ನುಂಗುತ್ತದೆ. ಎಚ್‌ಟಿಎಂಎಲ್ ಪುಟದಲ್ಲಿ ಅದು ಉಪಕಾರವೇ. ಸಾದಾ ಪಠ್ಯದಲ್ಲಿ ಮಾತ್ರ ಎರಡು ಸಾಲಿಗೆ ಗಂಟು. ಟರ್ಮಿನಲ್‌ನಲ್ಲಿ ಕಮಾಂಡ್ ನಡೆಸುವ ಬ್ಯಾಶ್ ಇನ್ನೊಂದು ಕೈ ಮೇಲು: ವೇರಿಯಬಲ್ಲಿಗೆ ಕೋಟ್ ಹಾಕದೆ ‘ಎಕೋ’ ಕಮಾಂಡಿನಿಂದ ತೋರಿಸಹೋದರೆ ಹೊಸ ಸಾಲುಗಳನ್ನು ಕಿತ್ತು ಪದಗಳನ್ನು ಬಿಡಿಸಿ, ನಡುವೆ ಒಂದೊಂದೇ ಸ್ಪೇಸ್ ಇಟ್ಟು ಕೈಗಿಡುತ್ತದೆ. ಎರಡು ಡಬಲ್ ಕೋಟ್ ಹಾಕಿದರೆ ಮುಗಿಯುವ ಕೆಲಸಕ್ಕೆ ಇಡೀ ಮಧ್ಯಾಹ್ನ ಹೋಗುವುದುಂಟು.

ಹಾಗಾಗಿ ಕೋಡಿಗೆ ಕೈ ಹಾಕುವ ಮೊದಲು ಔಟ್‌ಪುಟ್ಟನ್ನು ಬೈಟ್ ಬೈಟಾಗಿ ನೋಡುವುದು ವಾಸಿ. ಯುನಿಕ್ಸ್‌ನ ‘ಒಡಿ’ ಕಮಾಂಡಿಗೆ ಹೈಫನ್ ಸಿ ಕೊಟ್ಟರೆ ಬಚ್ಚಿಟ್ಟುಕೊಂಡ ಎನ್ (ಫೀಡ್), ಆರ್‌ಗಳೆಲ್ಲ (ರಿಟರ್ನ್) ಬ್ಯಾಕ್‌ಸ್ಲ್ಯಾಶ್ ಸಮೇತ ಹೊರಬರುತ್ತವೆ. ಅಲ್ಲಿ ಅಕ್ಷರ ಕಂಡರೆ ತಪ್ಪು ತೋರಿಸುವವರದು, ಕಾಣದಿದ್ದರೆ ಬರೆದವರದು.

ಇನ್ನು ಕಟ್ಟಕಡೆಯ ಸಾಲಿನದೇ ಒಂದು ವ್ಯಾಜ್ಯ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಮಾಡಿದ ಪೊಸಿಕ್ಸ್ ನಿಯಮದ ಪ್ರಕಾರ, ಹೊಸ ಸಾಲಿನ ಅಕ್ಷರದಿಂದ ಮುಗಿದರೆ ಮಾತ್ರ ಅದು ಸಾಲು. ಮೂರು ಸಾಲು ಬರೆದು ಕೊನೆಯದಕ್ಕೆ ಎಂಟರ್ ಒತ್ತದೆ ಬಿಟ್ಟ ಫೈಲನ್ನು ಸಾಲು ಎಣಿಸುವ ‘ಡಬ್ಲ್ಯುಸಿ ಹೈಫನ್ ಎಲ್’ ಕಮಾಂಡಿನ ಮುಂದಿಟ್ಟು ನೋಡಿ. ಎರಡೇ ಸಾಲು ಅನ್ನುತ್ತದೆ. ವಾದ ಮಾಡಿ ಪ್ರಯೋಜನವಿಲ್ಲ, ಎಂಟರ್ ಒತ್ತಿ.