ಸುಣ್ಣವಿಲ್ಲದ ಊರು

ಎಲೆ ಇದೆ, ಅಡಿಕೆ ಇದೆ, ಸುಣ್ಣದ ಡಬ್ಬಿ ಮಾತ್ರ ಬರಿದಾಗಿದೆ. ಆಗ ತಾಂಬೂಲದ ಚಟದವರ ಮುಖ ನೋಡಬೇಕು. ಕೈದಿಗಳ ವಸಾಹತು ಕಟ್ಟಲು ಇಂಗ್ಲೆಂಡಿನಿಂದ ಬಂದು 1788ರ ಜನವರಿ 26ರಂದು ಆಸ್ಟ್ರೇಲಿಯಾದ ಸಿಡ್ನಿಯ ಕೊಲ್ಲಿಯಲ್ಲಿ ಇಳಿದ ಗವರ್ನರ್ ಆರ್ಥರ್ ಫಿಲಿಪ್ ಅವರ ಮುಖವೂ ಕೆಲವೇ ತಿಂಗಳಲ್ಲಿ ಹಾಗೇ ಆಗಿರಬೇಕು. ಕಾಲಡಿಯಲ್ಲಿ ಬೇಕಾದಷ್ಟು ಮರಳುಗಲ್ಲು. ಇಟ್ಟಿಗೆಗೆ ಹದವಾದ ಜೇಡಿಮಣ್ಣೂ ಹತ್ತಿರದಲ್ಲೇ ಸಿಕ್ಕಿತು. ಕಲ್ಲನ್ನು ಕಲ್ಲಿಗೆ ಕಚ್ಚಿಸುವ ಸುಣ್ಣ ಮಾತ್ರ ಇಲ್ಲ. ಸುತ್ತಮುತ್ತ ಎಲ್ಲಿ ಅಗೆದರೂ ಸುಣ್ಣಕಲ್ಲಿನ ಸುಳಿವಿಲ್ಲ.

ಹನ್ನೊಂದು ಹಡಗುಗಳಲ್ಲಿ ಬಂದಿದ್ದ ಸಾವಿರಕ್ಕೂ ಮಿಕ್ಕಿದ ಜನರಲ್ಲಿ ಬಹುಪಾಲು ಕೈದಿಗಳು. ಬಡಗಿಗಳು ಬೆರಳೆಣಿಕೆಯಷ್ಟು. ಅವರ ಕೊಡಲಿಗಳೋ, ನೀಲಗಿರಿ ಜಾತಿಯ ಅಲ್ಲಿನ ಗಮ್ ಮರಕ್ಕೆ ತಾಗಿದರೆ ಬಾಯಿ ಮಡಚಿಕೊಳ್ಳುವಂಥವು. ಕಷ್ಟಪಟ್ಟು ಸೀಳಿದ ಹಸಿ ಹಲಗೆ ಒಣಗುತ್ತಾ ಸೊಟ್ಟಗಾಗಿ ಬಿರಿಯುತ್ತಿತ್ತು. ಹಾಗಾಗಿ ಮೆತ್ತಗಿದ್ದ ಕ್ಯಾಬೇಜ್ ತಾಳೆಯ ಮೇಲೆ ಎಲ್ಲರ ಕಣ್ಣು. ಅದರ ಕಾಂಡವನ್ನು ಮೂಲೆಗಂಬವಾಗಿ ನೆಟ್ಟು, ನಡುವೆ ಎಳೆಕೊಂಬೆ ಹೆಣೆದು ತಟ್ಟಿ ಮಾಡಿ, ಎರಡೂ ಕಡೆ ಮಣ್ಣು ಮೆತ್ತಿ, ಮೇಲೆ ಜೊಂಡು ಹೊದಿಸಿದರೆ ಮನೆ. ಆ ತಟ್ಟಿಗೆ ಇಂಗ್ಲಿಷಿನಲ್ಲಿ ವಾಟಲ್ ಎನ್ನುತ್ತಾರೆ. ಕೊಂಬೆ ಕೊಟ್ಟ ಗಿಡಕ್ಕೂ ಅದೇ ಹೆಸರು ನಿಂತು, ಆಮೇಲೆ ಅಕೇಶಿಯಾ ಕುಲಕ್ಕೆಲ್ಲ ಹಬ್ಬಿತು. ನಮ್ಮ ಮಲೆನಾಡಿನ ನೆಡುತೋಪುಗಳ ಅಕೇಶಿಯಾ ಬಂದದ್ದೂ ಆ ದೇಶದ ಕಡೆಯಿಂದಲೇ. ಗೋಡೆ ಯಾವತ್ತೋ ಬಿತ್ತು, ಹೆಸರು ಇನ್ನೂ ನಿಂತಿದೆ.

ಗೋಡೆ ಬೀಳಲು ಹೆಚ್ಚು ಕಾಲವೇನೂ ಬೇಕಾಗಲಿಲ್ಲ. ಸುಣ್ಣದ ಲೇಪವಿಲ್ಲದ ಮಣ್ಣಿನ ಮೇಲೆ ಜೋರು ಮಳೆ ಸುರಿದರೆ ಉಳಿಯುವುದು ಬರೀ ತಟ್ಟಿ. ತಾಳೆಯ ಕಾಂಡದ ಒಳಗೆಲ್ಲ ನಾರು. ನೀರು ಕುಡಿದು ನೆಲಮಟ್ಟದಲ್ಲೇ ಕೊಳೆಯುತ್ತದೆ. ಬಿಳಿ ಜೇಡಿಯನ್ನು ಕಲಸಿ ಬಳಿದರು. ನೋಡಲು ಸುಣ್ಣ ಹೊಡೆದಂತೆಯೇ ಕಾಣುತ್ತಿತ್ತು, ಆದರೆ ಜೇಡಿ ಗಟ್ಟಿಯಾಗುವುದಿಲ್ಲ, ಒಣಗುತ್ತದೆ ಅಷ್ಟೆ. ಮತ್ತೆ ನೀರು ಬಿದ್ದರೆ ಮತ್ತೆ ಕೆಸರು.

ಸುಣ್ಣದ ರೀತಿಯೇ ಬೇರೆ. ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುವ ಬಗೆಯನ್ನು ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಡ್ನಿಯವರೂ ಕೊನೆಗೆ ಅದೇ ದಾರಿ ಹಿಡಿದರು. ಕೈದಿ ಹೆಂಗಸರನ್ನು ಸಿಂಪಿಚಿಪ್ಪು ಆರಿಸಲು ಹಚ್ಚಿದರು. ಅಲ್ಲಿನ ಮೂಲನಿವಾಸಿಗಳು ತಲೆತಲಾಂತರದಿಂದ ತಿಂದು ಬಿಟ್ಟಿದ್ದ ಚಿಪ್ಪಿನ ದಿಬ್ಬಗಳೂ ಸುಣ್ಣ ಸುಡುವ ಗೂಡಿಗೆ ಹೋದವು. ಒಂದು ಜನಾಂಗದ ಊಟದ ಚರಿತ್ರೆ ಇನ್ನೊಂದರ ಗೋಡೆಯ ಗಾರೆಯಾಯಿತು.

ಚಿಪ್ಪನ್ನು ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು. ಕಡಲಿನ ಉಪ್ಪು ಉಳಿದರೆ ಗೋಡೆ ಗಾಳಿಯ ತೇವವನ್ನೆಲ್ಲ ಎಳೆದುಕೊಂಡು ವರ್ಷವಿಡೀ ಬೆವರುತ್ತದೆ, ಒಣಗಿದಾಗ ಬಿಳಿಯ ಹುಡಿ ಉದುರಿಸುತ್ತದೆ. ಆಮೇಲೆ ಸೌದೆ ಒಂದು ಪದರ, ಚಿಪ್ಪು ಒಂದು ಪದರ ಎಂದು ಪೇರಿಸಿ, ಸುಮಾರು 900 ಡಿಗ್ರಿ ಕಾವು ಏರುವಂತೆ ಸುಡಬೇಕು. 100 ಸೇರು ತೂಗಿದ ಶುದ್ಧ ಚಿಪ್ಪು ಸುಟ್ಟ ಮೇಲೆ 56 ಸೇರು. ಉಳಿದದ್ದು ಅನಿಲವಾಗಿ ಹಾರಿಹೋಗುತ್ತದೆ. ಕಾವು ಕಡಿಮೆಯಾದರೆ ನಡುವೆ ಹಸಿ ಗಟ್ಟಿ ಉಳಿದು ನೀರಿಗೆ ಹಾಕಿದರೂ ಅರಳುವುದಿಲ್ಲ, ಎಂದರೆ ಒಡೆದು ಹುಡಿಯಾಗುವುದಿಲ್ಲ. ಹೆಚ್ಚಾದರೆ ಇನ್ನೂ ಕೇಡು. ಗೋಡೆಗೆ ಮೆತ್ತಿ ಎಷ್ಟೋ ದಿನವಾದ ಮೇಲೆ ತಡವಾಗಿ ಅರಳಿ, ಗಾರೆಯಿಂದ ಚಕ್ಕೆ ಚಕ್ಕೆ ಎಬ್ಬಿಸುತ್ತದೆ. ಅರಳಿದ ಸುಣ್ಣ ಒಂದು ಪಾಲಿಗೆ ಮರಳು ಮೂರು ಪಾಲು. ಗಾರೆಯಾದ ಮೇಲೆ ಅದು ಹಾರಿಹೋದ ಅನಿಲವನ್ನೇ ಗಾಳಿಯಿಂದ ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಇದಕ್ಕೆ ತಿಂಗಳುಗಳೇ ಬೇಕು; ಅವಸರದವರ ಕೆಲಸವಲ್ಲ.

ಒಂದು ಗೋಡೆಗೆ ಎಷ್ಟು ಗಾರೆ ಹಿಡಿಯುತ್ತದೆ, ಅದಕ್ಕೆ ಎಷ್ಟು ಚಿಪ್ಪು ಬೇಕು ಎಂದು ಲೆಕ್ಕ ಹಾಕಿದರೆ ಆರಿಸುವವರ ಸೊಂಟ ನೆನೆದೇ ಮರುಕವಾಗುತ್ತದೆ. ಅಷ್ಟು ಕಷ್ಟದ ಸುಣ್ಣ ಯಾರ ಮನೆಗೆ ಹೋಯಿತು ಎಂದು ಕೇಳಬೇಕೆ? ಗವರ್ನರ್ ಮನೆಗೆ. ಜೇಮ್ಸ್ ಬ್ಲಡ್‌ವರ್ತ್ ಎಂಬ ಕೈದಿ ಮೇಸ್ತ್ರಿಯ ಉಸ್ತುವಾರಿಯಲ್ಲಿ ಅದು 1789ರ ಹೊತ್ತಿಗೆ ಎರಡು ಅಂತಸ್ತಾಗಿ ಎದ್ದಿತು. ಮಿಕ್ಕವರ ಇಟ್ಟಿಗೆಗೆ ಮಣ್ಣೇ ಗಾರೆ. ಮಣ್ಣಿನ ಗಾರೆಯ ಗೋಡೆ ದಪ್ಪಗೂ ಗಿಡ್ಡಗೂ ಇರಬೇಕು, ಮಹಡಿಯ ಆಸೆ ಬಿಡಬೇಕು. ಎತ್ತುಗಳಿಲ್ಲದ ಊರಿನಲ್ಲಿ ಆ ಇಟ್ಟಿಗೆ ಬರುತ್ತಿದ್ದದ್ದೂ ಮನುಷ್ಯರು ಎಳೆದ ಗಾಡಿಯಲ್ಲಿ: ಗಾಡಿಗೆ 12 ಜನ, ಹೇರು 350 ಇಟ್ಟಿಗೆ, ದಿನಕ್ಕೆ ಐದು ಸಲ.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎನ್ನುವ ಗಾದೆಯನ್ನು ಇಲ್ಲಿ ತಿರುವುಮುರುವು ಮಾಡಬೇಕಿತ್ತು. ಸುಣ್ಣ ಸಿಕ್ಕವರೇ ಪುಣ್ಯವಂತರು. ಆದರೆ ಗಾದೆ ಪೂರ್ತಿ ಸೋಲಲಿಲ್ಲ. ಮುಂದೆ ಸಿಡ್ನಿಗೆ ಉತ್ತರದ ನ್ಯೂಕಾಸಲ್‌ನಲ್ಲಿ ಚಿಪ್ಪಿನ ಗೂಡುಗಳು ಎದ್ದವು. ಮತ್ತೆ ತಪ್ಪು ಮಾಡಿದ ಕೈದಿಗಳಿಗೆ ಅಲ್ಲಿನ ಕೆಲಸವೇ ಶಿಕ್ಷೆ. ಸುಟ್ಟ ಸುಣ್ಣದ ಮೂಟೆಯನ್ನು ಬೆನ್ನ ಮೇಲೆ ಹೊತ್ತು, ನೀರಿಗಿಳಿದು ದೋಣಿಗೆ ತುಂಬಬೇಕು. ನೀರು ಸೋಕಿದ ಸುಣ್ಣ ಅರಳುವುದು ಕುದಿಯುವ ಕಾವಿನಲ್ಲಿ. ಬೆವರಿದ ಬೆನ್ನಿನ ಮೇಲೂ ಅದು ಅರಳುತ್ತಿತ್ತು, ಕಣ್ಣಿನಲ್ಲೂ.