ಬೆಂಡೆಕಾಯಿ ತಿಂದವರ ಲೆಕ್ಕ

ವಿಧಾನಸಭೆ ಚುನಾವಣೆ ಹತ್ತಿರ ಬಂತು ಅಂತ ನನಗೆ ಗೊತ್ತಾಗುವುದು ಚಿಲ್ಲರೆ ಸದ್ದಿನಿಂದ. ಯಾವುದೋ ಊರಿನಲ್ಲಿ ಯಾರೋ ಒಬ್ಬರು ಠೇವಣಿ ಕಟ್ಟಲು ನಾಣ್ಯದ ಚೀಲ ಹೊತ್ತುಕೊಂಡು ಬರುತ್ತಾರೆ. 2023ರಲ್ಲಿ ಯಾದಗಿರಿಯಲ್ಲಿ ಆಯಿತಲ್ಲ, ಪೂರ್ತಿ 10,000 ರೂಪಾಯಿ, ಎಲ್ಲವೂ ಒಂದೊಂದು ರೂಪಾಯಿ ನಾಣ್ಯ. ಸಿಬ್ಬಂದಿ ಮೇಜಿನ ಮೇಲೆ ಗುಡ್ಡೆ ಹಾಕಿಕೊಂಡು ಎಣಿಸುತ್ತಾರೆ. ಟೀವಿಯವರು ಹಿಂದೆ ತಮಾಷೆ ಮ್ಯೂಸಿಕ್ ಹಾಕುತ್ತಾರೆ. ನಾವು ಕಾಫಿ ಹೀರುತ್ತಾ ನಗುತ್ತೇವೆ. ನಾಣ್ಯದಲ್ಲಿ ಸಾವಿರಕ್ಕಿಂತ ಜಾಸ್ತಿ ಕೊಟ್ಟರೆ ತಗೊಳ್ಳಲೇಬೇಕು ಅಂತ ಕಾನೂನೇನೂ ಹೇಳಲ್ಲ. ಆದರೂ ಎಣಿಸುತ್ತಾರೆ ಪಾಪ. ಬಸ್ ಕಂಡಕ್ಟರ್ ಟಿಕೆಟ್ ಹಿಂದೆ ಬರೆದುಕೊಟ್ಟ ನಮ್ಮ ಚಿಲ್ಲರೆಯೆಲ್ಲ ಎಲ್ಲಿ ಹೋಯಿತು ಅಂತ ಯೋಚಿಸುತ್ತಿದ್ದಿರಲ್ಲ, ಇಲ್ಲಿದೆ ನೋಡಿ.

ನಗುವ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನೂ ಒಂದು ಸಲ ಇಂಥ ಅಭ್ಯರ್ಥಿಯ ನಾಮಪತ್ರಕ್ಕೆ ಸೂಚಕನಾಗಿ ಸಹಿ ಹಾಕಿದವನು. ನಮ್ಮ ಬೀದಿಯ ಒಬ್ಬ ಮೇಷ್ಟ್ರು. ರಿಟೈರ್ ಆದವರು, ಕಲಿಸಿದ್ದು ಗಣಿತ. ಅವರ ಪಕ್ಷದ ಹೆಸರು ಮರೆತೇಹೋಗಿದೆ. ಅದರಲ್ಲಿ ಜನತಾ ಅಂತ ಇತ್ತು, ಅದು ಎಲ್ಲದರಲ್ಲೂ ಇರುತ್ತೆ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು. ಮಾನ್ಯತೆ ಇಲ್ಲದ ಸಣ್ಣ ಪಕ್ಷಕ್ಕೆ ಹತ್ತು ಜನ ಬೇಕು. ಬ್ಯಾಂಕಿನಲ್ಲಿ ಬಡವನಿಗೇ ಜಾಸ್ತಿ ಜಾಮೀನು ಕೇಳುವ ಹಾಗೆ. ಒಂಬತ್ತು ಜನ ಸಿಕ್ಕಿದ್ದರು, ಹತ್ತನೆಯವನು ನಾನು. ಸಹಿ ಹಾಕುವಾಗ ಮೇಷ್ಟ್ರು ಎರಡು ಸಲ ಕೇಳಿದರು: "ಓಟರ್ ಲಿಸ್ಟಿನ ಭಾಗ ಸಂಖ್ಯೆ ಸರಿಯಾಗಿ ಬರೆದ್ಯೇನಪ್ಪಾ?"

ಆಮೇಲೆ ಗುರುತು ಆರಿಸುವ ಕೆಲಸ. ಆ ಮುಕ್ತ ಚಿಹ್ನೆಗಳ ಪಟ್ಟಿಯನ್ನು ನೀವು ಒಮ್ಮೆ ಓದಬೇಕು. ಮದುವೆ ಮನೆಗೆ ಸಾಮಾನು ತರುವ ಚೀಟಿ ಇದ್ದಂತೆ ಇದೆ. ಹೂಕೋಸು, ಹಸಿಮೆಣಸಿನಕಾಯಿ, ಹಲಸಿನಹಣ್ಣು, ಪ್ರೆಶರ್ ಕುಕ್ಕರ್, ನೇಲ್ ಕಟರ್. ಟೂತ್‌ಬ್ರಷ್ ಬೇರೆ, ಟೂತ್‌ಪೇಸ್ಟ್ ಬೇರೆ. ಬ್ರಷ್ ಒಬ್ಬರಿಗೆ, ಪೇಸ್ಟ್ ಇನ್ನೊಬ್ಬರಿಗೆ ಸಿಕ್ಕಿದರೆ ಮೈತ್ರಿ ಆಗುವವರೆಗೂ ಕ್ಷೇತ್ರದಲ್ಲಿ ಯಾರೂ ಹಲ್ಲುಜ್ಜುವಂತಿಲ್ಲ. ಚಪ್ಪಲಿಯೂ ಇದೆ. ನನಗೆ ಇಷ್ಟವಾದದ್ದು ಅದೇ. ಜನ ಸಿಟ್ಟಿನಿಂದ ಕಾಲಿನದ್ದು ಕೈಗೆ ತಗೊಂಡರೂ ಅಭ್ಯರ್ಥಿ ಕೈ ಮುಗಿದು ಥ್ಯಾಂಕ್ಸ್ ಹೇಳಬಹುದು. ಪ್ರಾಣಿಗಳನ್ನು ಮಾತ್ರ ಈಗ ಹೊಸದಾಗಿ ಕೊಡಲ್ಲ. ಪ್ರಚಾರಕ್ಕೆ ನಿಜವಾದ ಪ್ರಾಣಿಯನ್ನೇ ಎಳೆದುಕೊಂಡು ಹೋಗಿ ಹಿಂಸೆ ಕೊಡುತ್ತಾರೆ ಅಂತ. ಅಭ್ಯರ್ಥಿಗೆ ಆಗುವ ಹಿಂಸೆಗೆ ದಯಾ ಸಂಘ ಇಲ್ಲ.

ಮೇಷ್ಟ್ರಿಗೆ ಸಿಕ್ಕಿದ್ದು ಬೆಂಡೆಕಾಯಿ. ಅವರಿಗೆ ಖುಷಿಯೋ ಖುಷಿ. ಬೆಂಡೆಕಾಯಿ ತಿಂದರೆ ಲೆಕ್ಕ ಚೆನ್ನಾಗಿ ಬರುತ್ತೆ ಅಂತ ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದವರಲ್ವಾ. ಮನೆಮನೆಗೆ ಹೋಗಿ ಅದನ್ನೇ ಹೇಳಿದರು. ಹೆಂಗಸರು ನಕ್ಕು ಮಜ್ಜಿಗೆ ಕೊಟ್ಟರು. ಎಣಿಕೆ ದಿನ ನೋಟಾ ಅವರಿಗಿಂತ ಮುಂದಿತ್ತು. ಚಲಾವಣೆಯಾದ ಸಿಂಧು ಮತದಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಂದರೆ ಠೇವಣಿ ವಾಪಸ್. ಮೇಷ್ಟ್ರು ಆ ಭಾಗಾಕಾರವನ್ನು ಮಾಡಲು ಕೂಡ ಹೋಗಲಿಲ್ಲ.

ಇದರಲ್ಲಿ ಹೊಟ್ಟೆ ಪಕ್ಷದ ರಂಗಸ್ವಾಮಿಯವರ ಮುಂದೆ ನಿಲ್ಲುವವರು ಯಾರಿದ್ದಾರೆ ಹೇಳಿ. 80ಕ್ಕೂ ಹೆಚ್ಚು ಸಲ ನಿಂತರು, ಅಷ್ಟೂ ಸಲ ಸೋತರು. ನಾವು ಅವರನ್ನು ಜೋಕರ್ ಅಂದೆವು. ಹೊಟ್ಟೆಗಾಗಿ ರಾಜಕೀಯಕ್ಕೆ ಬಂದೆ ಅಂತ ಪಕ್ಷದ ಹೆಸರಲ್ಲೇ ಬರೆದುಕೊಂಡ ಇನ್ನೊಬ್ಬರನ್ನು ನಾನು ನೋಡಿಲ್ಲ.

ಹಾಗಂತ ಸಣ್ಣ ಪಕ್ಷದವರು ಗೆಲ್ಲುವುದೇ ಇಲ್ಲ ಅಂತಲ್ಲ. ಗೆದ್ದಾಗಲೇ ನಿಜವಾದ ಮಜಾ. 2018ರಲ್ಲಿ ರಾಣೆಬೆನ್ನೂರಿನಲ್ಲಿ ಕೆಪಿಜೆಪಿ ಅನ್ನುವ ಸಣ್ಣ ಪಕ್ಷದಿಂದ ಆರ್. ಶಂಕರ್ ಗೆದ್ದರು, ಅದೂ ಆಗಿನ ಸ್ಪೀಕರ್ ಕೋಳಿವಾಡರನ್ನೇ ಸೋಲಿಸಿ. ಉಪೇಂದ್ರ ಬಂದು, ಜಗಳವಾಗಿ, ಚುನಾವಣೆಗೆ ಮೊದಲೇ ಬಿಟ್ಟುಹೋದ ಪಕ್ಷ ಅದು. ಬಹುಮತ ಯಾರಿಗೂ ಇಲ್ಲ. ಶಂಕರ್ ಮೊದಲು ಬಿಜೆಪಿ ಕಡೆ ಕಂಡರು, ಆಮೇಲೆ ಕಾಂಗ್ರೆಸ್ ಕಡೆ. ಜೂನ್‌ನಲ್ಲಿ ಮಂತ್ರಿ. ಡಿಸೆಂಬರ್‌ನಲ್ಲಿ ಮಾಜಿ. ಜನವರಿಯಲ್ಲಿ ಬೆಂಬಲ ವಾಪಸ್. ಮುಂದಿನ ಜೂನ್‌ನಲ್ಲಿ ಮತ್ತೆ ಮಂತ್ರಿ. ಜುಲೈನಲ್ಲಿ ಮತ್ತೆ ಬೆಂಬಲ ವಾಪಸ್. ಆ ತಿಂಗಳ ಕೊನೆಗೆ ಅನರ್ಹ. 2020ರಲ್ಲಿ ಬಿಜೆಪಿಯಿಂದ ಎಂಎಲ್‌ಸಿ, 2021ರಲ್ಲಿ ಪುನಃ ಮಂತ್ರಿ, 2023ರಲ್ಲಿ ಎನ್‌ಸಿಪಿ ಅಭ್ಯರ್ಥಿ. ನಮ್ಮ ಕೆಂಪು ಬಸ್ಸಿಗೂ ಇಷ್ಟು ಸ್ಟಾಪ್ ಇಲ್ಲ.

ಇಲ್ಲಿ ಮೇಷ್ಟ್ರಿಗೆ ಕೊಡಬಹುದಾದ ಒಂದು ಲೆಕ್ಕ ಇದೆ. ಒಂದು ಪಕ್ಷ ಇನ್ನೊಂದರಲ್ಲಿ ವಿಲೀನ ಆಗಬೇಕಾದರೆ ಅದರ ಶಾಸಕರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ಇರುವುದೇ ಒಬ್ಬ ಶಾಸಕ. ಮೂರನೇ ಎರಡು ಭಾಗ ಅಂದರೆ ಎಲ್ಲಿವರೆಗೆ? ಕಾಲಿನಿಂದ ಅಳೆದರೆ ಹೆಚ್ಚುಕಮ್ಮಿ ಎದೆವರೆಗೆ ಬರುತ್ತೆ. ತಲೆ ಬೇಡ ಅಂದರೂ ಹೊಟ್ಟೆ, ಕಾಲು ಎರಡೂ ಹೂಂ ಅಂದರೆ ವಿಲೀನ ಸಿಂಧು. ಶಾಸಕಾಂಗ ಪಕ್ಷದ ಸಭೆಯನ್ನು ಕಾರಿನ ಹಿಂದಿನ ಸೀಟಿನಲ್ಲೇ ಮುಗಿಸಬಹುದು. ವಿಪ್ ಬೇಕಿದ್ದರೆ ಕನ್ನಡಿ ನೋಡಿಕೊಂಡು ಕೊಟ್ಟುಕೊಳ್ಳಬಹುದು. ಜನಾರ್ದನ ರೆಡ್ಡಿಯವರ ಪಕ್ಷ ಕೆಆರ್‌ಪಿಪಿಯೂ ಅಷ್ಟೇ. ಫುಟ್‌ಬಾಲ್ ಗುರುತು, ಗಂಗಾವತಿಯಲ್ಲಿ ಒಂದೇ ಗೋಲು. 2024ರ ಮಾರ್ಚ್‌ನಲ್ಲಿ ಬಾಲ್ ಸಮೇತ ಬಿಜೆಪಿ ಅಂಗಳಕ್ಕೆ.

ಮೇಷ್ಟ್ರ ಕತೆ ಅಲ್ಲಿಗೇ ಮುಗಿಯಲಿಲ್ಲ. ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಅದೇ ಹೊತ್ತಿಗೆ ಅವರ ಮನೆಯವರು ಆಸ್ಪತ್ರೆ ಸೇರಿದರು. ಲೆಕ್ಕ ಕೊಡುವುದು ತಪ್ಪಿಹೋಯಿತು. ಪಾಂಪ್ಲೆಟ್, ಬಾಡಿಗೆ ಆಟೋ, ಒಂದು ಮೈಕ್. ಇಷ್ಟರ ಲೆಕ್ಕ ಕೊಡಲಿಲ್ಲ ಅಂತ ಮೂರು ವರ್ಷ ಸ್ಪರ್ಧಿಸುವಂತಿಲ್ಲ ಅನ್ನುವ ಆದೇಶ ಬಂತು. ನಿಯಮ ನಿಯಮವೇ, ಒಪ್ಪಿದೆ. ಆದರೆ ಪಕ್ಷಾಂತರದ ಕಾರಣಕ್ಕೆ 2019ರಲ್ಲಿ ಅನರ್ಹರಾದ 17 ಜನ ಶಾಸಕರನ್ನು ನೆನಪು ಮಾಡಿಕೊಳ್ಳಿ. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂತು, ಚುನಾವಣೆಗೂ ನಿಲ್ಲಬಹುದು ಅಂತು. ಡಿಸೆಂಬರ್‌ನಲ್ಲಿ ನಿಂತವರಲ್ಲಿ ಬಹುಪಾಲು ಜನ ಗೆದ್ದರು. ಫೆಬ್ರವರಿಯಲ್ಲಿ ಅವರಲ್ಲೂ ಬಹುಪಾಲು ಜನ ಮಂತ್ರಿಗಳಾದರು. ಗೆಲ್ಲಿಸಿದ್ದು ಯಾರೋ ಹೊರಗಿನವರಲ್ಲ. ನಾವೇ. ಆಗಿದ್ದ 28 ಲಕ್ಷದ ಮಿತಿಯೊಳಗೇ ಖರ್ಚು ಮಾಡಿದೆವು ಅಂತ ಎಲ್ಲರೂ ನೀಟಾಗಿ ಲೆಕ್ಕ ಬರೆದುಕೊಟ್ಟಾಗ ನಾವು ನಗಲಿಲ್ಲ. ರೂಪಾಯಿ ನಾಣ್ಯ ಎಣಿಸುವುದನ್ನು ನೋಡಿ ನಕ್ಕೆವು. ನನಗೆ ಸಾಕಾಗಿಹೋಗಿದೆ, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಮೇಷ್ಟ್ರು ಸಿಕ್ಕಿದ್ದರು, ತರಕಾರಿ ಗಾಡಿ ಹತ್ತಿರ. ಮೂರು ವರ್ಷ ಮುಗಿದಿದೆಯಂತೆ.

"ಮತ್ತೆ ನಿಲ್ತೀರಾ ಸಾರ್?" ಅಂದೆ.

"ನೋಡೋಣಪ್ಪ. ನೀನು ಸಹಿ ಹಾಕ್ತೀಯಾ?" ಅಂದವರೇ ಬೆಂಡೆಕಾಯಿಯ ತುದಿಯನ್ನು ಒಂದೊಂದಾಗಿ ಚಿಟಕ್ ಅಂತ ಮುರಿದು ನೋಡತೊಡಗಿದರು. ಗಾಡಿಯವನು ಮುರೀಬೇಡಿ ಸಾರ್ ಅಂತ ಬೈಯುತ್ತಿದ್ದ.